ಐಸ್ ಪೆಂಗ್ವಿನ್ ಮುಂದೆ ಮಾವ

“ಮಾವ, ಜೇಬಿಂದ ಕೈ ತೆಗೀರಿ! ಬೀಳ್ತೀರಾ!”

ಅಂದದ್ದೇ ತಡ, ಮಾವ ಬಿದ್ದರು. ಪೂರ್ತಿ ಅಲ್ಲ. ಅರ್ಧ ಜಾರಿ, ಗೋಡೆಯ ಕಂಬಿ ಹಿಡಿದು ನೇತಾಡಿದರು.

ಸ್ವಿಟ್ಜರ್ಲೆಂಡಿನ ಒಂದು ಬೆಟ್ಟದ ತುದಿ. ಹಿಮನದಿಯ ಹೊಟ್ಟೆಯೊಳಗೆ ಕೊರೆದ ಸುರಂಗ ಅದು. ನೆಲ, ಗೋಡೆ, ಸೂರು ಎಲ್ಲಾ ಐಸು. ಗೋಡೆಯ ಗೂಡುಗಳಲ್ಲಿ ಐಸಿನಲ್ಲೇ ಕೆತ್ತಿದ ಕರಡಿ, ಹದ್ದು, ಪೆಂಗ್ವಿನ್. ನಾನು ಮೆಲ್ಬರ್ನಿನ ವೆರಿಬೀ ಹತ್ತಿರ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವವನು. ಮೈನಸ್ ಇಪ್ಪತ್ತರಲ್ಲಿ ಬಟಾಣಿ ಪೆಟ್ಟಿಗೆ ಎತ್ತಿಡುತ್ತೇನೆ. ರಜೆ ಹಾಕಿ ಅಷ್ಟು ದೂರ ಹೋದದ್ದು ಇನ್ನೊಂದು ಫ್ರೀಜರಿಗೆ. ಇದನ್ನು ಬೆಟ್ಟ ಹತ್ತುವ ರೈಲಿನಲ್ಲೇ ಹೆಂಡತಿಗೆ ಹೇಳಿದ್ದೆ.

“ನೀನು ಬಾಯಿ ಮುಚ್ಕೊಂಡು ಬಾ, ಸಾಕು,” ಅಂದಿದ್ದಳು.

ಅವಳ ಚಿಂತೆ ಬೇರೆ. ಅವಳ ಅಪ್ಪ ಅಮ್ಮ ಇರುವುದು ಸಿಡ್ನಿಯ ಪ್ಯಾರಮಟ್ಟಾದಲ್ಲಿ. ಅಪ್ಪ ಕಾಲೇಜಿನಲ್ಲಿ ಪಾಠ ಹೇಳಿ ರಿಟೈರ್ ಆದವರು. ನಾನು ಹತ್ತನೇ ಕ್ಲಾಸ್ ಫೇಲು. ಮದುವೆಯಾಗಿ ಮೂರು ವರ್ಷವಾದರೂ ಅವರು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಕರೆದಾಗೆಲ್ಲ ಒಮ್ಮೆ ಮಂಡಿನೋವು, ಒಮ್ಮೆ ಸಂಘದ ಮೀಟಿಂಗು. ಈ ಟ್ರಿಪ್ಪಿನಲ್ಲಾದರೂ ಮನಸ್ಸು ಬದಲಾಗಿ ಒಂದು ಸಲ ಮನೆಗೆ ಬರಲಿ ಅಂತ ಅವಳ ಆಸೆ. ನಾನು ಬಾಯಿಬಿಟ್ಟರೆ ಅದೂ ಕೆಟ್ಟೀತು ಅಂತ ಹೆದರಿಕೆ.

ಈಗ ಬಾಯಿಬಿಟ್ಟಾಗಿತ್ತು. ಹೆಂಡತಿ ನನ್ನನ್ನು ಕೊಲ್ಲುವ ಹಾಗೆ ನೋಡಿದಳು. ಅತ್ತೆ ಮಾತ್ರ ರೇಷ್ಮೆ ಸೀರೆ, ಅದರ ಮೇಲೆ ಜಾಕೆಟ್ಟು, ಕಾಲಿಗೆ ಸ್ನೀಕರ್ಸು ಹಾಕಿಕೊಂಡು ಫೋನ್ ಹಿಡಿದು ನಿಂತಿದ್ದರು.

“ರೀ, ಇನ್ನೊಂದ್ಸಲ ಜಾರಿ. ವಿಡಿಯೋ ಸರಿಯಾಗಿ ಬರ್ಲಿಲ್ಲ.”

“ಸುಮ್ನಿರೇ!”

ನಾನು ಹತ್ತಿರ ಹೋದೆ. “ನಮ್ಮ ಫ್ರೀಜರಲ್ಲಿ ಫಸ್ಟ್ ಡೇನೇ ಕಲಿಸ್ತಾರೆ ಮಾವ. ಕೈ ಹೊರಗೆ. ಪಾದ ಪೂರ್ತಿ ಊರಿ. ಚಿಕ್ಕ ಹೆಜ್ಜೆ. ಅಗೋ, ಆ ಪೆಂಗ್ವಿನ್ ನಡೆಯೋ ಥರ.”

ಮಾವ ಕಂಬಿ ಬಿಡದೆಯೇ ಗೂಡಿನ ಕಡೆ ಕತ್ತು ತಿರುಗಿಸಿದರು. “ಆಲ್ಪ್ಸ್‌ನಲ್ಲಿ ಪೆಂಗ್ವಿನ್ ಇರಲ್ಲಯ್ಯಾ. ಅದು ದಕ್ಷಿಣ ಗೋಳಾರ್ಧದ ಪಕ್ಷಿ. ಯಾವನೋ ತಿಳೀದೆ ಕೆತ್ತಿದಾನೆ.”

ನೇತಾಡುತ್ತಲೇ ಪಾಠ.

“ನಮ್ಮ ಕಡೆ ಇದಾವಲ್ಲ ಮಾವ. ಮೆಲ್ಬರ್ನಿಂದ ಕಾರಲ್ಲಿ ಹೋದ್ರೆ ಬೀಚಲ್ಲಿ ನಿಜವಾದ್ದೇ ಸಿಗ್ತವೆ. ಬನ್ನಿ, ತೋರಿಸ್ತೀನಿ. ಈಗ ಕಂಬಿ ಬಿಡಿ, ಹಿಂದೆ ಜನ ಕಾಯ್ತಿದಾರೆ.”

ನಿಜವಾಗಿಯೂ ಹಿಂದೆ ದೊಡ್ಡ ಸಾಲೇ ಇತ್ತು. ಮಾವ ಸಾಲನ್ನು ನೋಡಿದರು, ನನ್ನ ಮೊಳಕೈ ಹಿಡಿದರು. ಪಾದ ಊರಿ, ಚಿಕ್ಕ ಹೆಜ್ಜೆ ಇಟ್ಟು, ಅಲ್ಲಾಡುತ್ತಾ ನಡೆದರು. ಥೇಟ್ ಪೆಂಗ್ವಿನ್. ನಾನು ನಗಲಿಲ್ಲ. ಅತ್ತೆ ನಕ್ಕರು.

ಸುರಂಗದ ಬಾಗಿಲಲ್ಲಿ ಮಾವ ನನ್ನ ಕೈ ಬಿಟ್ಟು, ಕೋಟು ಸರಿಮಾಡಿಕೊಂಡು ಹೇಳಿದರು: “ಬರ್ತೀನಿ. ಪೆಂಗ್ವಿನ್ ನೋಡೋಕೆ. ನಿಮ್ಮನೆ ನೋಡೋಕಲ್ಲ.”

“ಸರಿ. ಮಲಗೋದು ಬೀಚಲ್ಲೇನಾ?”

ಹೆಂಡತಿ ಜಾಕೆಟ್ಟಿನ ಮೇಲಿಂದಲೇ ಚಿವುಟಿದಳು.

ಜೂನ್‌ನಲ್ಲಿ, ನಮ್ಮ ಕಡೆಯ ಚಳಿಗಾಲದಲ್ಲಿ, ಮಾವ ಮನೆಗೆ ಬಂದರು. ಸಿಡ್ನಿಯ ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಿಂದ ಒಂದು ಡಬ್ಬಿ ಮೈಸೂರ್‌ಪಾಕ್ ತಂದಿದ್ದರು. ಸಾರಿಗೆ ಉಪ್ಪು ಕಮ್ಮಿ ಅಂದರು, ಎರಡು ಸಲ ಹಾಕಿಸಿಕೊಂಡರು. ಹೀಟರ್ ಪಕ್ಕದ ಸೋಫಾ ಹಿಡಿದವರು ಏಳಲಿಲ್ಲ. ಬೀಚಿಗೆ ಹೊರಡೋಣ ಅಂದರೆ, “ಚಳಿ ಕಣಯ್ಯಾ, ನಾಳೆ ನೋಡೋಣ.”

ಒಂಬತ್ತು ದಿನ ಇದ್ದರು. ಪೆಂಗ್ವಿನ್ ನೋಡಲಿಲ್ಲ. ಅಷ್ಟೇ. ಇದಕ್ಕಿಂತ ಜಾಸ್ತಿ ಹೇಳಲು ನನ್ನ ಹತ್ತಿರ ಏನೂ ಇಲ್ಲ.