ಪ್ರೋಟೀನ್ ಬಾರಿನ ಹಿಂಬದಿ

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿದ್ದಾಗ ನಾನು ಇಂದಿರಾನಗರದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದೆ. ಕೆಲಸ ಅಂದರೆ ನಿಂತುಕೊಳ್ಳುವುದು. ಕೈಯಲ್ಲೊಂದು ತಟ್ಟೆ, ಅದರಲ್ಲಿ ಕತ್ತರಿಸಿಟ್ಟ ಪ್ರೋಟೀನ್ ಬಾರಿನ ಚೂರುಗಳು. ಹೋಗಿಬರುವವರಿಗೆಲ್ಲ "ಟೇಸ್ಟ್ ನೋಡಿ ಸರ್, ಒಂದು ಬಾರ್ ಒಂದು ಊಟಕ್ಕೆ ಸಮ" ಅನ್ನಬೇಕು. ಕಂಪನಿಯವರು ಅರ್ಧ ದಿನ ಕೂರಿಸಿ ಬಾಯಿಪಾಠ ಮಾಡಿಸಿದ್ದು ಅಷ್ಟೇ. ಆಮೇಲೆ ಕೂರುವ ಮಾತೇ ಇಲ್ಲ. ಸಂಜೆಯಾಗುವಷ್ಟರಲ್ಲಿ ಪಾದ ಊದಿಕೊಂಡು ಚಪ್ಪಲಿ ಕಚ್ಚುತ್ತಿತ್ತು.

ಪುಲಿಕೇಶಿನಗರದ ಒಬ್ಬ ಆಂಟಿ ಆಗಾಗ ಬರುತ್ತಿದ್ದರು. ಎಪ್ಪತ್ತರ ಆಸುಪಾಸು. ಗಂಡನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಪ್ರೋಟೀನ್ ಜಾಸ್ತಿ ಕೊಡಿ ಅಂತ ಡಾಕ್ಟರು ಹೇಳಿದ್ದರಂತೆ. ಗಂಡನೋ ಊಟದ ತಟ್ಟೆ ನೋಡಿದರೆ ಮುಖ ತಿರುಗಿಸುತ್ತಿದ್ದರಂತೆ.

"ಅವರಿಗೆ ಶುಗರ್ ಇದೆ ಮಾ. ಇದು ಕೊಡಬಹುದಾ?"

"ಕೊಡಿ ಆಂಟಿ, ಪ್ರೋಟೀನ್ ಅಲ್ವಾ," ಅಂದೆ.

ಮೋಸ ಮಾಡಬೇಕೆಂದು ಹೇಳಿದ್ದಲ್ಲ. ನನಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ತ್ರಾಣವೂ ಇರಲಿಲ್ಲ. ಆಂಟಿ ಇಡೀ ಡಬ್ಬಿ ಮನೆಗೆ ಕಳಿಸಲು ಹೇಳಿ ವಿಳಾಸ ಬರೆಸಿ ಹೋದರು.

ಆ ಭಾನುವಾರ ಜೋಗುಪಾಳ್ಯದ ಮನೆಯಲ್ಲಿ ಅಮ್ಮನಿಗೆ ಒಂದು ಬಾರ್ ಕೊಟ್ಟೆ. ಕಚ್ಚಿದವಳೇ ಮುಖ ಕಿವುಚಿದಳು.

"ಏನೇ ಇದು, ಮಿಠಾಯಿ! ಹಲ್ಲಿಗೆಲ್ಲ ಅಂಟ್ಕೊಳ್ತಿದೆ."

"ಮಿಠಾಯಿ ಅಲ್ಲಮ್ಮ, ತಿಂದ್ರೆ ಶಕ್ತಿ ಬರುತ್ತೆ."

"ನಿಂಗಂತೂ ಬಂದಂಗಿಲ್ಲ," ಅಂದಳು.

ಕಾಲು ಚಾಚಿ ಕೂತಿದ್ದ ನಾನು ಮೊದಲ ಸಲ ಆ ಕವರ್ ತಿರುಗಿಸಿ ಓದಿದೆ. ಮುಂದೆ ದಪ್ಪಕ್ಷರದಲ್ಲಿದ್ದ ಪ್ರೋಟೀನಿನ ಲೆಕ್ಕ ನೂರು ಗ್ರಾಮಿನದು. ಬಾರ್ ಇದ್ದದ್ದು ಮೂವತ್ತೇ ಗ್ರಾಮ್. ಅಂದರೆ ಒಂದು ಬಾರಿನಲ್ಲಿದ್ದ ಪ್ರೋಟೀನ್ ಒಂದು ಮೊಟ್ಟೆಯಲ್ಲಿ ಇರುವಷ್ಟೇ. ಉಳಿದದ್ದರಲ್ಲಿ ಮೊದಲು ಗ್ಲೂಕೋಸ್ ಸಿರಪ್, ಆಮೇಲೆ ಸಕ್ಕರೆ, ಕೊನೆಯಲ್ಲಿ ಜೇನು. ಆಂಟಿ ತರಿಸಿಕೊಂಡ ಇಡೀ ಡಬ್ಬಿ ನೆನಪಾಯಿತು.

ಮರುದಿನ ಡೆಲಿವರಿ ಪುಸ್ತಕದಲ್ಲಿ ವಿಳಾಸ ನೋಡಿಕೊಂಡು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆಟೋ ಹತ್ತಿದೆ. ಹಳೆಯ ಮನೆ. ಜಗಲಿಯ ಬೆತ್ತದ ಕುರ್ಚಿಯಲ್ಲಿ ಅಂಕಲ್ ಶಾಲು ಹೊದ್ದು ಕೂತಿದ್ದರು. ಆಂಟಿ ಹೊರಗೆ ಬಂದರು.

"ಆಂಟಿ, ನಾನು ಅವತ್ತು ಹೇಳಿದ್ದು ತಪ್ಪು. ಅದರಲ್ಲಿ ಸಕ್ಕರೆ ತುಂಬಾ ಇದೆ. ಕೊಡಬೇಡಿ."

ಆಂಟಿ ನನ್ನನ್ನೇ ನೋಡಿದರು. "ದಿನಾ ಬೆಳಿಗ್ಗೆ ಒಂದು, ಸಾಯಂಕಾಲ ಒಂದು ಕೊಟ್ಟೆ. ಇವತ್ತು ಚೆಕ್ ಮಾಡಿಸಿದ್ರೆ ಶುಗರ್ ಎಲ್ಲಿಗೋ ಏರಿಬಿಟ್ಟಿದೆ. ಡಾಕ್ಟರು ನನ್ನನ್ನ ಬೈದರು ಮಾ, ನಾನೇ ಏನೋ ಮಾಡಿದ ಹಾಗೆ."

ಕುರ್ಚಿಯಿಂದ ಅಂಕಲ್ ಬಾಯಿಬಿಟ್ಟರು. "ಬಿಡು, ಅವಳನ್ನ ಯಾಕೆ ಬೈತೀಯ? ಎಷ್ಟೋ ವರ್ಷ ಆದ್ಮೇಲೆ ಚಾಕೊಲೇಟ್ ತಿಂದೆ ನಾನು. ಗೊತ್ತಿದ್ದೇ ತಿಂದೆ."

ಆಂಟಿ ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಾಲಿನ ಕಡೆ ನೋಡಿ, "ಕೂತ್ಕೋ," ಅಂದರು. ಮೆಟ್ಟಿಲ ಮೇಲೆ ಕೂತೆ. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟೆ.

ಅಂಕಲ್ ಅವರ ಶುಗರ್ ಇಳಿಯಲು ಎರಡು ವಾರ ಹಿಡಿಯಿತಂತೆ. ಈಗ ಮೊಟ್ಟೆಯ ಬಿಳಿ, ಬೇಳೆ ತಿನ್ನುತ್ತಿದ್ದಾರೆ, ಬೈದುಕೊಂಡೇ ತಿನ್ನುತ್ತಾರೆ ಅಂತ ಆಂಟಿ ಅಂಗಡಿಗೆ ಬಂದಾಗ ಹೇಳಿದರು.

ನಾನು ಸೂಪರ್‌ವೈಸರಿಗೆ ವಿಷಯ ತಿಳಿಸಿದೆ. "ನಿಮಗ್ಯಾಕ್ರೀ ಅದೆಲ್ಲ? ಟ್ರೇ ಹಿಡ್ಕೊಂಡು ನಿಂತ್ಕೊಳ್ಳಿ ಸಾಕು," ಅಂದ. ನಿಂತೆ. ಆದರೆ ಯಾರಾದರೂ ಶುಗರ್ ಅಂದರೆ ಬಾಯಿಪಾಠ ಬಿಟ್ಟು ಕವರ್ ತಿರುಗಿಸಿ ತೋರಿಸುತ್ತಿದ್ದೆ. ಓದಿದವರು ಬಾರನ್ನು ವಾಪಸ್ ಶೆಲ್ಫಿಗೆ ಇಡುತ್ತಿದ್ದರು. ಎರಡು ತಿಂಗಳಿಗೆ ನನ್ನನ್ನು ಬಾಣಸವಾಡಿಯ ಅಂಗಡಿಯೊಂದಕ್ಕೆ ಸೋಪಿನ ಪುಡಿ ಮಾರಲು ಕಳಿಸಿದರು. ಅಲ್ಲೂ ಕೂರುವ ಹಾಗಿರಲಿಲ್ಲ. ಆದರೂ, ಇದನ್ನು ಯಾರೂ ತಿನ್ನುವುದಿಲ್ಲವಲ್ಲ ಎಂದುಕೊಂಡು ದಿನವಿಡೀ ನಿಲ್ಲುತ್ತಿದ್ದೆ.