ಎಲ್ಲರಿಗೂ ಕೊಟ್ಟ ಮೇಲೆ

ಬೀದಿಯವರ ಬಾಯಲ್ಲಿ ಅವಳು ಬೀಗದಕ್ಕ. ಕೀಲಿಕೈ ಕಳೆದುಕೊಂಡವರು ಇವತ್ತಿಗೂ ಬಂದು ಬಾಗಿಲು ತಟ್ಟುತ್ತಾರೆ. ಅವಳೋ ಕಬ್ಬಿಣದ ಬೀಗ ರಿಪೇರಿ ಮಾಡಿದವಳೇ ಅಲ್ಲ. ಅವಳದು ಎನ್‌ಕ್ರಿಪ್ಷನ್ ತಂತ್ರಾಂಶ. ಕಂಪ್ಯೂಟರಿನಲ್ಲಿರುವುದನ್ನು ಹೊರಗಿನವರು ಓದಲಾಗದಂತೆ ಭದ್ರ ಮಾಡುವ ಕೆಲಸ. ಕೋಡನ್ನೆಲ್ಲ ಜಾಲತಾಣದಲ್ಲಿ ಬಿಚ್ಚಿಟ್ಟು, ಯಾರು ಬೇಕಾದರೂ ಬಳಸಿ ಎಂದು ಪುಕ್ಕಟೆ ಕೊಟ್ಟಿದ್ದಳು. ಪುಕ್ಕಟೆ ಕೆಲಸಕ್ಕೆ ಇಷ್ಟು ಮೈಮುರಿದು ದುಡಿಯುವವರನ್ನು ನಾನಂತೂ ಬೇರೆ ಕಂಡಿಲ್ಲ.

ಅಂದು ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದವಳಿಗೆ ತಾನೇ ಬರೆದ ಕೋಡಿನಲ್ಲಿ ಕಳ್ಳರು ನುಸುಳಬಹುದಾದ ತೂತೊಂದು ಕಂಡಿತು. ಗಂಡಂದಿರ ಹೊಡೆತ ತಾಳದೆ ಮನೆಬಿಟ್ಟ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆಯೊಂದು ಗಡಿಯಾಚೆಯ ದೇಶದಲ್ಲಿತ್ತು. ಯಾರು ಯಾವ ಮನೆಯಲ್ಲಿ ಅಡಗಿದ್ದಾರೆಂಬ ವಿಳಾಸಗಳೆಲ್ಲ ಇವಳ ತಂತ್ರಾಂಶದ ಕಾವಲಿನಲ್ಲಿದ್ದವು.

ತೂತು ಮುಚ್ಚುವ ತಿದ್ದುಪಡಿಯನ್ನು ಬರೆದು ಮುಗಿಸಿದಳು. ಅಪಾಯದಲ್ಲಿರುವವರಿಗೆ ಮೊದಲು ಗುಟ್ಟಾಗಿ ಕಳಿಸಿ, ಆಮೇಲೆ ಲೋಕಕ್ಕೆಲ್ಲ ಬಿಡುವುದು ಈ ಕಸುಬಿನವರ ರೂಢಿ. ಮೊದಲೇ ಲೋಕಕ್ಕೆ ಬಿಟ್ಟರೆ ತೂತು ಎಲ್ಲಿತ್ತೆಂದು ಕಳ್ಳರಿಗೂ ತೋರಿಸಿಕೊಟ್ಟಂತೆ. ಕಳಿಸಲು ಹೊರಟವಳನ್ನು ಅಣ್ಣ ತಡೆದ. ಅವನು ಸರ್ಕಾರದ ರಫ್ತು ಕಚೇರಿಯ ಗುಮಾಸ್ತ, ನಿಯಮವೆಲ್ಲ ಬಾಯಿಪಾಠ.

"ಆ ದೇಶಕ್ಕೆ ಇಂಥದ್ದನ್ನ ಕಳಿಸೋಕೆ ನಿಷೇಧ ಇದೆ ಕಣೇ. ಎಲ್ಲರಿಗೂ ಬಿಟ್ಟು, ನಮ್ಮ ಕಚೇರಿಗೆ ತಿಳಿಸಿ ಒಂದು ಮೇಲ್ ಹಾಕಿದ್ರೆ ಅದು ರಫ್ತಲ್ಲ. ಅದಕ್ಕೂ ಮುಂಚೆ ಅವರೊಬ್ಬರಿಗೇ ಕಳಿಸಿದ್ರೆ ಅಪರಾಧ. ಜೈಲು."

"ಎಲ್ಲರಿಗೂ ಕೊಟ್ರೆ ಸರಿ, ಬೇಕಾದವರಿಗೆ ಕೊಟ್ರೆ ತಪ್ಪಾ? ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ?"

"ಬರೆದವರನ್ನ ಆಮೇಲೆ ಬೈಯ್ಕೊ. ನೀನು ಒಳಗೆ ಹೋದ್ರೆ ಅಮ್ಮನಿಗೆ ಏನಂತ ಹೇಳ್ಲಿ?"

ಅವಳು ಹೆದರಿದಳು. ಹೆದರಿದ್ದು ತಪ್ಪೆನ್ನಲು ನಾನ್ಯಾರು? ಸಂಸ್ಥೆಯ ಮೇಲ್ವಿಚಾರಕಿಗೆ ಫೋನ್ ಮಾಡಿ, "ಮಧ್ಯಾಹ್ನ ಕಂಪ್ಯೂಟರ್ ಮುಂದಿಂದ ಏಳ್ಬೇಡಿ, ಹೊಸದು ಬಂದ ತಕ್ಷಣ ಹಾಕ್ಕೊಳ್ಳಿ" ಎಂದಷ್ಟೇ ಹೇಳಿದಳು. ಮಧ್ಯಾಹ್ನ ಅಣ್ಣನ ಕಚೇರಿಗೆ ಮೇಲ್ ಹಾಕಿ, ತಿದ್ದುಪಡಿಯನ್ನು ಲೋಕಕ್ಕೆ ಬಿಟ್ಟಳು. ಒಡನೆಯೇ ಮೇಲ್ವಿಚಾರಕಿಯ ಫೋನ್ ಬಂತು.

"ತೆರೆಯೋಕೇ ಆಗ್ತಿಲ್ಲಮ್ಮ. 'ನಿಮ್ಮ ದೇಶಕ್ಕೆ ಅವಕಾಶವಿಲ್ಲ' ಅಂತ ಬರ್ತಿದೆ."

ಜಾಲತಾಣ ನಡೆಸುವ ಕಂಪನಿ ನಿಯಮಕ್ಕೆ ಹೆದರಿ ಈಚೆಗೆ ಆ ದೇಶದವರಿಗೆ ಬಾಗಿಲು ಹಾಕಿತ್ತು. ಅವಳಿಗೆ ಅದು ತಿಳಿದದ್ದೇ ಆಗ. ಲೋಕದ ಕಳ್ಳರಿಗೆಲ್ಲ ಸಿಕ್ಕಿದ್ದು, ಬೇಕಾದವರಿಗೆ ಮಾತ್ರ ಸಿಕ್ಕಿರಲಿಲ್ಲ.

"ಈಗ ಮೇಲ್ ಮಾಡು, ಎಲ್ಲರಿಗೂ ಬಿಟ್ಟಾಯ್ತಲ್ಲ, ಈಗ ತಪ್ಪಿಲ್ಲ," ಎಂದ ಅಣ್ಣ. ಕಳಿಸಿದಳು. ಅಲ್ಲಿನ ಸಂಪರ್ಕವೋ ಆಮೆನಡಿಗೆ. ಅವಳು ಅನ್ನ ಮುಟ್ಟಲಿಲ್ಲ, ಕೂತಲ್ಲಿಂದ ಕದಲಲಿಲ್ಲ. ಸಂಜೆ ಉತ್ತರ ಬಂತು: ಹಾಕಿಕೊಂಡೆವು, ಆದರೆ ಅಷ್ಟರಲ್ಲಿ ಯಾರೋ ಒಳಹೊಕ್ಕು ಒಂದು ವಿಳಾಸ ತೆಗೆದಿದ್ದಾರೆ. ಅಲ್ಲಿರುವ ಹೆಂಗಸು ಫೋನ್ ಎತ್ತುತ್ತಿಲ್ಲ.

ಅಣ್ಣ ಅವಳ ಹೆಗಲ ಮೇಲೆ ಕೈಯಿಟ್ಟು, "ನಿಯಮದ ಪ್ರಕಾರ ನೀನು ಏನೂ ತಪ್ಪು ಮಾಡಿಲ್ಲ ಕಣೇ" ಎಂದ.

"ಹೌದಣ್ಣ," ಎಂದಳು ಅವಳು. "ಮಾಡ್ಬೇಕಿತ್ತು."