ಸ್ವೀಟಾ, ಸಾಲ್ಟಾ?

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಹೆಣ್ಣು ನೋಡಲು ಹೋದ ಕಡೆ ಉಪ್ಪು ಮುಟ್ಟಬಾರದು. ಕಾಫಿ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು, ತೀರಾ ಬಲವಂತ ಮಾಡಿದರೆ ಎರಡು ಚಮಚ ಕೇಸರಿಬಾತೂ ಆದೀತು. ಉಪ್ಪು ಬಿದ್ದ ಪದಾರ್ಥ ನಾಲಿಗೆಗೆ ತಾಕಿತೋ, ಸಂಬಂಧ ಒಪ್ಪಿದ ಹಾಗೆ. ಬೇರೆಯವರು ಉಪ್ಪಿಟ್ಟು, ಬೋಂಡ ಎಲ್ಲ ತಿಂದು, ಕೈ ಒರೆಸಿಕೊಂಡು, 'ಆಮೇಲೆ ತಿಳಿಸ್ತೀವಿ' ಎಂದು ಎದ್ದು ಬರುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಅಜ್ಜಿ ಹೇಳಿದ್ದು, ಅವ್ವ ನಡೆಸಿದ್ದು, ಈಗ ನಾನು ಕಾಯುತ್ತಿರುವುದು.

ತಮ್ಮನಿಗೆ ಹೆಣ್ಣು ನೋಡಲು ಹೋಗಿ ನಾನು ಹೀಗೆ ಉಪ್ಪು ಮುಟ್ಟದೆ ಎದ್ದು ಬಂದ ಮನೆಗಳು ಒಂಬತ್ತು. ಅವುಗಳಲ್ಲಿ ನಾಲ್ಕನ್ನು ನಾನೇ ಬೇಡವೆಂದೆ. ಒಂದು ಮನೆಯ ಹಿತ್ತಿಲು ಸರಿಯಿರಲಿಲ್ಲ, ಇನ್ನೊಂದು ಮನೆಯ ನೀರಿನ ಹಂಡೆಯೊಳಗೆ ಪಾಚಿ ಕಂಡೆ, ಮತ್ತೊಂದರಲ್ಲಿ ಹುಡುಗಿಯ ತಾಯಿ ಅತಿಯಾಗಿ ನಗುತ್ತಿದ್ದಳು, ನಾಲ್ಕನೆಯದರಲ್ಲಿ ನಗಲೇ ಇಲ್ಲ. ಉಳಿದ ಐದು ಮನೆಯವರು ಎರಡು ದಿನ ಬಿಟ್ಟು ತಾವೇ ಬೇಡವೆಂದು ಹೇಳಿ ಕಳಿಸಿದರು. ಸಾತನೂರಿನ ಹತ್ತಿರ ನಮ್ಮದು ಒಂದಿಷ್ಟು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಒಂದು ಮನೆ, ಎರಡು ಹಸು. ತಮ್ಮನಿಗೆ ಮೂವತ್ತೈದು ದಾಟಿದೆ. ರೈತನಿಗೆ ಈಗ ಯಾರು ಹೆಣ್ಣು ಕೊಡುತ್ತಾರೆ ಎಂದು ಊರೆಲ್ಲ ಆಡುವ ಮಾತನ್ನೇ ನಾನೂ ಆಡಿಕೊಂಡು ಸುಮ್ಮನಾಗಿದ್ದೆ.

ನನ್ನ ವಿಚಾರವನ್ನೂ ಹೇಳಿಬಿಡಬೇಕು. ಬೈರಾಪಟ್ಟಣಕ್ಕೆ ಸೊಸೆಯಾಗಿ ಹೋದವಳು ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ವಾಪಸ್ ಬಂದೆ. ಆಗ ತಮ್ಮ ಏಳನೇ ಕ್ಲಾಸು. ಅವ್ವನೂ ಹೋದ ಮೇಲೆ ಒಲೆ, ಹುಳು, ತಮ್ಮ ಮೂರೂ ನನ್ನ ಪಾಲಿಗೆ ಬಂದವು. ಅವನಿಗೆ ಮದುವೆಯಾಗಲಿ ಎಂದು ಕಬ್ಬಾಳಮ್ಮನಿಗೆ ಹರಕೆ ಹೊತ್ತವಳು ನಾನೇ. ಅವನಿಗೆ ಹೆಂಡತಿ ಬಂದರೆ ಆ ಮನೆಯಲ್ಲಿ ನನ್ನ ಜಾಗ ಯಾವುದು ಎಂದು ಹೆದರುತ್ತಿದ್ದವಳೂ ನಾನೇ. ಎರಡೂ ನಿಜ, ಎರಡರಲ್ಲೂ ಕಲಬೆರಕೆ ಇರಲಿಲ್ಲ.

ಹತ್ತನೆಯ ಹೆಣ್ಣು ಮಾಗಡಿ ಕಡೆಯವಳು. ಬೆಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಹುಡುಗ ರೈತನಾದರೂ ಅಡ್ಡಿಯಿಲ್ಲವಂತೆ, ಹಳ್ಳಿಗೆ ಬರಲೂ ತಯಾರಂತೆ. ಮದುವೆ ಬ್ರೋಕರ್ ಫೋನಿನಲ್ಲಿ ಇಷ್ಟು ಹೇಳುವಾಗಲೇ ನನ್ನ ಕಿವಿ ನಿಮಿರಿತು. ಪೇಟೆಯಲ್ಲಿ ಸಂಬಳ ಎಣಿಸುವ ಹುಡುಗಿಗೆ ಹುಳುವಿನ ಮನೆಗೆ ಬರುವ ಕರ್ಮ ಏನು ಬಂತು? ಬೆಳ್ಳಗಿರುವುದೆಲ್ಲ ಹಾಲಲ್ಲ. ಸಾಲದ್ದಕ್ಕೆ, ನೋಡುವ ಶಾಸ್ತ್ರ ಮನೆಯಲ್ಲಿ ಬೇಡ, ಬೆಂಗಳೂರಿನ ಯಾವುದೋ ಲೆಬನೀಸ್ ಹೋಟೆಲಿನಲ್ಲಿ ಎಂದರು.

"ಲೆಬನೀಸ್ ಅಂದ್ರೆ ಏನ್ಲಾ?" ಎಂದು ತಮ್ಮನನ್ನು ಕೇಳಿದೆ.

"ಲೆಬನಾನ್ ಅಂತ ಒಂದು ದೇಶ ಐತಕ್ಕ. ಅಲ್ಲಿನ ಅಡುಗೆ."

"ಮಾಗಡಿಯೋರೂ ಸಾತನೂರಿನೋರೂ ಕುಂತ್ಕೊಂಡು ಮಾತಾಡೋಕೆ ಇನ್ಯಾವ್ದೋ ದೇಶದ ಓಟ್ಲು ಬೇಕಿತ್ತಾ? ಮನೆಗೆ ಯಾಕೆ ಕರೀಲಿಲ್ಲ? ಮನೇಲಿ ಏನೋ ಬಚ್ಚಿಟ್ಟವ್ರೆ ಕಣ್ಲಾ."

"ಒಂದ್ಸಲ ನೋಡ್ಕೊಂಡು ಬಂದ್ಬುಡನ ಬಾರಕ್ಕ," ಎಂದ. ಅವನ ದನಿಯಲ್ಲಿ ಬೇಡಿಕೆ ಇತ್ತು. ಅವನು ನನ್ನನ್ನು ಬೇಡಿದ್ದು ಕಡಿಮೆ, ಹಾಗಾಗಿ ಹೊರಟೆ. ಹೊರಡುವ ಮುಂಚೆ ಎರಡೆರಡು ಸಲ ಹೇಳಿದೆ: ಏನೇ ತಂದಿಡಲಿ, ಉಪ್ಪು ಮುಟ್ಟಬೇಡ.

ಹುಳುಗಳಿಗೆ ಸೊಪ್ಪು ಹಾಕಿ, ಬೆಳಗ್ಗೆಯ ಬಸ್ಸು ಹಿಡಿದು, ಕನಕಪುರದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಆ ಹೋಟೆಲ್ ಮುಟ್ಟಿದೆವು. ಬಾಗಿಲಲ್ಲಿ ನಿಂತಿದ್ದವನು ಎದೆಯ ಮೇಲೆ ಕೈಯಿಟ್ಟು ಬಗ್ಗಿದ. ಗುರುತಿಲ್ಲದವನು ಇಷ್ಟು ವಿನಯ ತೋರಿಸಿದರೆ ಸೆರಗಿನ ಗಂಟು ನೋಡಿಕೊಳ್ಳಬೇಕು ಎನ್ನುತ್ತಿದ್ದಳು ಅವ್ವ. ನೋಡಿಕೊಂಡೆ. ಒಳಗೆ ಬಣ್ಣದ ಗಾಜಿನ ದೀಪಗಳು ಇಳಿಬಿದ್ದಿದ್ದವು. ಹಟ್ಟಹಗಲಲ್ಲಿ ಕಿಟಕಿಗೆ ಪರದೆ ಎಳೆದು ದೀಪ ಹಚ್ಚಿದ್ದರು. ಎದುರಿಗೆ ಕೂತವರ ಮುಖದ ಬಣ್ಣ ಕಾಣದಿರಲಿ ಎಂದೇ ಇಂಥ ಜಾಗ ಹುಡುಕಿದ್ದಾರೆ ಎಂದುಕೊಂಡೆ. ಒಂದು ಮೂಲೆಯಲ್ಲಿ ಗಾಜಿನ ಹಿಂದೆ ನಿಲ್ಲಿಸಿದ ಕಂಬಿಗೆ ಮಾಂಸ ಸಿಕ್ಕಿಸಿ ಬೆಂಕಿಯ ಮುಂದೆ ತಿರುಗಿಸುತ್ತಿದ್ದರು. ಒಬ್ಬಾತ ಉದ್ದನೆಯ ಚಾಕುವಿನಿಂದ ಅದನ್ನು ಸವರಿ ತೆಗೆಯುತ್ತಿದ್ದ. ಹಿತ್ತಿಲು ನೋಡುವ ಚಟಕ್ಕೆ, ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಯ ಬಾಗಿಲವರೆಗೂ ಹೋಗಿ ಇಣುಕಿದೆ. ಚೊಕ್ಕಟವಾಗಿತ್ತು. ಅದೂ ನನಗೆ ಸರಿ ಬರಲಿಲ್ಲ.

ಹುಡುಗಿಯ ಜೊತೆ ಬಂದಿದ್ದವರು ಅವಳ ಚಿಕ್ಕಮ್ಮ ಒಬ್ಬರೇ. ನನಗಿಂತ ಐದಾರು ವರ್ಷ ದೊಡ್ಡವರು. ಕೈಚೀಲವನ್ನು ಮೇಜಿನ ಮೇಲಿಡದೆ, ಪಕ್ಕದಲ್ಲೂ ಇಡದೆ, ತೊಡೆಯ ಮೇಲೆ ಎರಡು ಕೈಯಲ್ಲಿ ಹಿಡಿದು ಕೂತಿದ್ದರು. ಅವರ ಕಣ್ಣು ತಮ್ಮನ ಚಪ್ಪಲಿಯಿಂದ ಶುರುವಾಗಿ ನನ್ನ ಕಿವಿಯ ಓಲೆಯವರೆಗೆ ನಿಧಾನವಾಗಿ ಹತ್ತಿತು. ಹೆಂಗಸು ಸಾಮಾನ್ಯಳಲ್ಲ ಎಂದು ಆಗಲೇ ಗೊತ್ತಾಯಿತು. ಹುಡುಗಿ ತೆಳ್ಳಗೆ, ಕಪ್ಪಗೆ, ನೇರ ನೋಟ. ಕೈ ಮುಗಿದು, "ಬನ್ನಿ ಅಕ್ಕ, ಬಸ್ಸಲ್ಲಿ ಸೀಟ್ ಸಿಕ್ತಾ?" ಎಂದಳು. ಇಷ್ಟು ಸಲೀಸಾಗಿ ಮಾತಾಡುವವಳಿಗೆ ಇಷ್ಟು ದಿನ ಗಂಡು ಸಿಗಲಿಲ್ಲವೇಕೆ ಎಂದು ಅದನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ವೇಟರ್ ಬಂದು ಮೊದಲು ನಿಂಬೆ ಪುದೀನದ ಶರಬತ್ತು ಎಂದ. "ಸ್ವೀಟಾ, ಸಾಲ್ಟಾ?"

"ಸ್ವೀಟು," ಎಂದೆ ತಟ್ಟನೆ.

ತಮ್ಮ ನನ್ನ ಮುಖ ನೋಡಿ, "ನಂಗೂ ಸ್ವೀಟೇ," ಎಂದ.

"ನಂಗೂ ಸ್ವೀಟೇ ಕಣಪ್ಪ," ಎಂದರು ಚಿಕ್ಕಮ್ಮ. ಹುಡುಗಿ ಕೂಡ ಸ್ವೀಟ್ ಎಂದಳು. ಮನೆತನದಲ್ಲಿ ಸಕ್ಕರೆ ಕಾಯಿಲೆ ಇಲ್ಲವೆಂದು ತೋರಿಸಿಕೊಳ್ಳಲು ಇಬ್ಬರೂ ಸಿಹಿ ಕೇಳುತ್ತಿದ್ದಾರೆ ಎಂದು ನಾನು ಲೆಕ್ಕ ಹಾಕಿದೆ.

ಆಮೇಲೆ ಹುಡುಗಿ ಹೇಳಿದ ತಿಂಡಿಗಳು ಬಂದವು. ಕಡಲೆಕಾಳು ಬೇಯಿಸಿ ರುಬ್ಬಿದ ಬಿಳಿ ಚಟ್ನಿ, ಅದರ ನಡುವೆ ಗುಂಡಿ ಮಾಡಿ ಎಣ್ಣೆ ಹುಯ್ದಿದ್ದರು. ಪೂರಿಯ ಹಾಗೆ ಉಬ್ಬಿದ ದೊಡ್ಡ ರೊಟ್ಟಿ. ನಮ್ಮ ಮಸಾಲೆ ವಡೆಯ ದಾಯಾದಿಯಂಥ ಕರಿದ ಉಂಡೆ. ಬಟ್ಟಲಿನಲ್ಲಿದ್ದ ಕಪ್ಪು ಕಾಯಿಗಳನ್ನು ನೇರಳೆ ಹಣ್ಣೆಂದುಕೊಂಡು ಕೈ ಹಾಕಬೇಕು, ಅಷ್ಟರಲ್ಲಿ ಹುಡುಗಿ, "ಅದು ಆಲಿವ್ ಅಕ್ಕ, ಉಪ್ಪಲ್ಲಿ ನೆನೆಸಿರ್ತಾರೆ," ಎಂದಳು. ಬೆಂಕಿ ತಾಕಿದವಳ ಹಾಗೆ ಕೈ ಹಿಂದಕ್ಕೆ ತೆಗೆದೆ. ಕೊನೆಗೆ ಬಂದದ್ದು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ಬೆರಳುದ್ದದ ಸುರುಳಿಗಳು. ತಮ್ಮನಿಗೆ ಎಲೆ ಕಂಡರೆ ಸುಮ್ಮನಿರಲಾಗದು. ಒಂದನ್ನು ಎತ್ತಿ ಬೆರಳಲ್ಲಿ ಉಜ್ಜಿ, "ಅಕ್ಕ, ಎಲೆ ಬಲಿತುಬುಟ್ಟೈತೆ. ನಮ್ಮ ಹುಳ ಆಗಿದ್ರೆ ಮೂಸೂ ನೋಡ್ತಿರಲಿಲ್ಲ," ಎಂದ.

ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ತಮ್ಮನೂ ನಕ್ಕ. ನಾನು ಮತ್ತು ಚಿಕ್ಕಮ್ಮ ನಗಲಿಲ್ಲ.

ಆದರೆ ಯಾರೂ ತಿನ್ನಲಿಲ್ಲ. ನಾನು ಮುಟ್ಟಲಿಲ್ಲ, ತಮ್ಮ ಮುಟ್ಟಲಿಲ್ಲ, ಅವರಿಬ್ಬರೂ ಮುಟ್ಟಲಿಲ್ಲ. ಶರಬತ್ತನ್ನು ಗುಟುಕು ಗುಟುಕಾಗಿ ಹೀರುತ್ತ, ಮಳೆ ಬಂತಾ, ಕೊಳವೆಬಾವಿಯಲ್ಲಿ ನೀರೆಷ್ಟು ಎಂದು ಮಾತಾಡಿದೆವು. ವೇಟರ್ ಎರಡು ಸಲ ಬಂದು ಅಡುಗೆ ಚೆನ್ನಾಗಿಲ್ಲವೇ ಎಂದು ಕೇಳಿ ಹೋದ. ತಾವೇ ಹೇಳಿದ ತಿಂಡಿಯನ್ನು ತಾವೇ ತಿನ್ನುವುದಿಲ್ಲವೆಂದರೆ ಏನರ್ಥ? ಅದರಲ್ಲಿ ಏನಾದರೂ ಇದೆಯೇ? ಅನುಮಾನದ ಕಣ್ಣಿಗೆ ಔಷಧವಿಲ್ಲ. ಪಕ್ಕದ ಮೇಜಿನವರು ಅದನ್ನೇ ಚಪ್ಪರಿಸುತ್ತಿದ್ದರೂ ನನಗೆ ನಂಬಿಕೆ ಬರಲಿಲ್ಲ.

ಆಗ ಹುಡುಗಿ ಲೋಟ ಕೆಳಗಿಟ್ಟು, "ಅಕ್ಕ, ಮದ್ವೆ ಆದ್ಮೇಲೂ ನೀವು ಅದೇ ಮನೇಲಿ ಇರ್ತೀರಾ?" ಎಂದಳು.

ಬಂತು ನೋಡಿ, ಇದಕ್ಕೇ ಕಾದಿದ್ದೆ.

"ಯಾಕವ್ವ? ಇನ್ನೂ ಒಳಗೇ ಬಂದಿಲ್ಲ, ಆಗ್ಲೇ ನನ್ ಗಂಟುಮೂಟೆ ಕಟ್ಟುಸ್ತೀಯಾ?"

ತಮ್ಮ ತಲೆ ತಗ್ಗಿಸಿದ. ಹುಡುಗಿಯ ಮುಖ ಬಾಡಿತು, ಆದರೆ ನೋಟ ಕೆಳಗಿಳಿಯಲಿಲ್ಲ.

"ಅಯ್ಯೋ, ಹಂಗಲ್ಲ ಅಕ್ಕ. ನೀವು ಇರ್ತೀರಿ ಅಂತ ಬ್ರೋಕರ್ ಹೇಳಿದ್ಕೇ ನಾನು ಬಂದಿದ್ದು. ನಮ್ಮಮ್ಮ ಹೋದಾಗ ನಂಗೆ ಎರಡು ವರ್ಷ. ಚಿಕ್ಕಮ್ಮ ಮದ್ವೆನೇ ಬೇಡ ಅಂತ ನನ್ನ ಸಾಕಿದ್ರು. ಮೂರು ಸಲ ಗಂಡಿನ ಕಡೆಯೋರು ಮನೆಗೆ ಬಂದು ಉಂಡು ಹೋದ್ರು. ಎಲ್ಲ ಒಪ್ಕೊಂಡು ಕಡೇಲಿ ಕೇಳೋರು, ನಿಮ್ಮ ಚಿಕ್ಕಮ್ಮ ಎಲ್ಲಿರ್ತಾರೆ ಅಂತ. ನನ್ ಜೊತೆಗೇ ಅಂದ್ರೆ ಆಮೇಲೆ ಫೋನೇ ಎತ್ತಲ್ಲ." ಅವಳು ತಮ್ಮನ ಕಡೆ ನೋಡಿದಳು. "ಇವ್ರು ಬ್ರೋಕರ್‌ಗೆ ಮೊದ್ಲೇ ಹೇಳವ್ರಂತೆ. ಅಕ್ಕ ಆ ಮನೆ ಯಜಮಾನಿ, ಕಡೇವರೆಗೂ ಅಲ್ಲೇ ಇರ್ತಾಳೆ, ಒಪ್ಪಿದ್ರೆ ಮುಂದಿನ ಮಾತು ಅಂತ. ನೋಡೋ ಶಾಸ್ತ್ರ ಆದ್ಮೇಲೆ ಆ ಮಾತು ತಿಳ್ಸಿದ್ಕೇ ಐದು ಮನೆ ತಪ್ಪೋಯ್ತಂತಲ್ಲ? ಬ್ರೋಕರ್ ಬೈಕೊಂಡೇ ಹೇಳಿದ್ರು."

ನಾನು ತಮ್ಮನನ್ನು ನೋಡಿದೆ. ಅವನು ಕಾಗದದ ಕರವಸ್ತ್ರವನ್ನು ಮಡಿಸುತ್ತಿದ್ದ, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದ. ಐದು ಮನೆ. ರೈತನೆಂದಲ್ಲ, ಹುಳು ಸಾಕುತ್ತಾನೆಂದಲ್ಲ, ನಾನಿದ್ದೇನೆಂದು. ಹಂಡೆಯೊಳಗಿನ ಪಾಚಿಯನ್ನೂ ಬಿಡದೆ ಕಂಡ ನನ್ನ ಕಣ್ಣಿಗೆ ಮನೆಯೊಳಗಿನ ಈ ಒಂದು ಸಂಗತಿ ಇಷ್ಟು ವರ್ಷ ಕಂಡಿರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಚಿಕ್ಕಮ್ಮನ ಕಡೆ ತಿರುಗಿ, "ಮನೆಗೆ ಯಾಕೆ ಕರೀಲಿಲ್ಲ?" ಎಂದು ಗದರಿದ ಹಾಗೆ ಕೇಳಿದೆ.

"ಮೂರು ಸಲ ಬಡಿಸಿ ಬಡಿಸಿ ಸಾಕಾಗೈತೆ ಕಣಮ್ಮ," ಎಂದರು ಚಿಕ್ಕಮ್ಮ. "ನಮ್ಮ ಉಪ್ಪು ತಿಂದು ಬ್ಯಾಡ ಅಂದ್ರೆ ಬೀದಿಯೋರೆಲ್ಲ ಕೇಳ್ತಾರೆ. ನಮ್ಮ ಕಡೆಯೋರು ಒಬ್ರೂ ಕಾಲಿಡದ ಜಾಗ ಯಾವ್ದಾದ್ರೂ ನೋಡು ಅಂದೆ. ಇವ್ಳು ಇಲ್ಲಿಗೆ ಕರ್ಕೊಂಡು ಬಂದ್ಲು. ಮಾತು ಮುಗಿಯೋಗಂಟ ಉಪ್ಪು ಮುಟ್ಬ್ಯಾಡ ಅಂತಾನೂ ಹೇಳಿದ್ದೆ."

ನಾಲ್ಕು ಸ್ವೀಟು ಶರಬತ್ತಿನ ಗುಟ್ಟು ಆಗ ತಿಳಿಯಿತು. ಮೇಜಿನ ಆ ಕಡೆಯೂ ಒಬ್ಬಳು ಅಜ್ಜಿ ಇದ್ದಿರಬೇಕು.

"ಹಂಗಾದ್ರೆ ನೀವೂ ನಮ್ಮನೆಗೇ ಬತ್ತೀರಾ?" ಎಂದೆ.

"ನಾನು ಬರಲ್ಲ ಅಂತೀನಿ. ಇವ್ಳು ಕೇಳಲ್ಲ," ಎಂದು ಅವರು ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಆ ಕೈ ನೋಡಿದೆ. ಮೂವತ್ತು ವರ್ಷ ಸಾಕಿದ ಮಗಳ ಮನೆಯಲ್ಲಿ ತನಗೆ ಜಾಗ ಇದೆಯೋ ಇಲ್ಲವೋ ಎಂದು ಗುರುತಿಲ್ಲದವರ ಮುಖ ನೋಡುತ್ತ ಕೂತಿದ್ದ ಹೆಂಗಸು. ನನ್ನ ಬುದ್ಧಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಒಂದು ಒಲೆಗೆ ನನ್ನಂಥವರು ಇಬ್ಬರಾದರೆ ಆ ಮನೆ ಉಳಿದೀತೇ ಎಂದು ಕೇಳಿತು. ಕೇಳಿಕೊಳ್ಳಲಿ ಎಂದುಕೊಂಡು ರೊಟ್ಟಿ ಮುರಿದೆ, ಬಿಳಿ ಚಟ್ನಿಯಲ್ಲಿ ಅದ್ದಿದೆ, ಬಾಯಿಗಿಟ್ಟೆ. ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ನುಂಗುವವರೆಗೂ ಕಾದು, ಚಿಕ್ಕಮ್ಮ ಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಒಂದು ತುಂಡು ಮುರಿದರು. ಆಮೇಲೆ ತಮ್ಮ ಆ ಬಲಿತ ಎಲೆಯ ಸುರುಳಿಗಳನ್ನೇ ನಾಲ್ಕು ತಿಂದ.

ವಾಪಸ್ ಬರುವಾಗ ಕನಕಪುರದಲ್ಲಿ ಬಸ್ಸು ಬದಲಿಸಿ ಕೂತೆವು. ಆಮೇಲೆ ತಡೆಯಲಾಗಲಿಲ್ಲ.

"ಐದು ಮನೆ ಕಣ್ಲಾ. ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಬೈರಾಪಟ್ಟಣಕ್ಕೆ ಹೊಂಟೋಗ್ತಿದ್ದೆ," ಎಂದ ಅವನು, ಕಿಟಕಿಯ ಕಡೆ ನೋಡುತ್ತ. "ಅಲ್ಲಿ ಯಾರವ್ರೆ ನಿಂಗೆ?"

ಬಸ್ಸು ಒಂದು ಸ್ಟಾಪಿನಲ್ಲಿ ನಿಂತು ಮತ್ತೆ ಹೊರಟಿತು. ಅವನು ಇನ್ನೂ ಏನೋ ಕೇಳಬೇಕೆಂದು ಎರಡು ಸಲ ತಿರುಗಿ ನೋಡಿದ. ಕೊನೆಗೆ, "ಉಪ್ಪು ಸರಿಯಾಗಿತ್ತೇನಕ್ಕ?" ಎಂದ.

"ಒಸಿ ಜಾಸ್ತಿನೇ ಇತ್ತು ಕಣ್ಲಾ," ಎಂದೆ.